ಚಟಕ್ಕೂ ಚಟ್ಟಕ್ಕೂ ನಡುವೆ ಒಂದು ಒತ್ತು

ಪ್ರತಿ ವರ್ಷ ಜೂನ್ 26 ಬಂದರೆ ಊರೂರಿನಲ್ಲಿ ಒಂದು ಜಾಥಾ ಹೊರಡುತ್ತದೆ. ಮಾದಕ ವಸ್ತು ವಿರೋಧಿ ದಿನ. ಸಮವಸ್ತ್ರದ ಮಕ್ಕಳು, ಮುಂದೆ ಬ್ಯಾಂಡ್ ಸೆಟ್ಟು, ಪಕ್ಕದಲ್ಲಿ ಇಬ್ಬರು ಪೊಲೀಸರು, ಮಕ್ಕಳ ಕೈಯಲ್ಲಿ ರಟ್ಟಿನ ಫಲಕ. ಫಲಕದ ಮೇಲೆ ನಮಗೆಲ್ಲ ಬಾಯಿಪಾಠವಾಗಿರುವ ಮಾತು: ಚಟ ಚಟ್ಟಕ್ಕೆ ದಾರಿ. ಪ್ರಾಸ ಎಷ್ಟು ಚೆಂದ ಕೂಡಿದೆಯೆಂದರೆ, ಅದು ನಿಜವೇ ಎಂದು ಕೇಳುವ ಗೋಜಿಗೇ ನಾವು ಹೋಗಿಲ್ಲ.

ಇವತ್ತು ಕೇಳೋಣ. ಆ ಎರಡು ಪದಗಳನ್ನು ಪಕ್ಕಪಕ್ಕ ಬರೆದು ನೋಡಿ. ನಡುವೆ ಇರುವ ಫರಕು ಒಂದೇ ಒಂದು ಒತ್ತು. ಚಟಕ್ಕೆ ಆ ಒತ್ತು ಬಿದ್ದರೆ ಚಟ್ಟ. ಕನ್ನಡದಲ್ಲಿ ಒತ್ತು ಅಂದರೆ ಅಕ್ಷರದ ಕೆಳಗೆ ಬರೆಯುವ ಗುರುತು. ಒಬ್ಬನನ್ನು ಕೆಳಕ್ಕೆ ಅದುಮುವುದಕ್ಕೂ ಅದೇ ಮಾತು. ಹಾಗಾದರೆ ಬೀದಿಯಲ್ಲಿ ಸೂಜಿ ಚುಚ್ಚಿಕೊಳ್ಳುವ ಹುಡುಗನ ಚಟಕ್ಕೆ ಆ ಒತ್ತು ಕೊಡುವವರು ಯಾರು? ಅವನು ಚುಚ್ಚಿಕೊಂಡ ಮದ್ದೇ? ಅವನ ಹಣೆಬರಹವೇ? ಅಥವಾ ಸಾಲಾಗಿ ನಿಂತು ಅದುಮುತ್ತಿರುವ ಬೇರೆ ಕೈಗಳೂ ಇವೆಯೇ?

ಇವೆ. ಅವುಗಳಲ್ಲಿ ಒಂದು ನನ್ನದು, ಒಂದು ನಿಮ್ಮದು. ಅದನ್ನು ಹೇಳಲಿಕ್ಕೇ ಈ ಬರಹ.

ಮೊದಲು ಈ ಸಾವು ಹೇಗೆ ಬರುತ್ತದೆ ಎಂದು ತಿಳಿಯಬೇಕು. ಹೆರಾಯಿನ್, ಮಾರ್ಫಿನ್, ಫೆಂಟನಿಲ್, ಟ್ಯಾಪೆಂಟಡಾಲ್ ಎಲ್ಲವೂ ಒಂದೇ ಕುಲ, ಅಫೀಮಿನ ಬಳಗ. ನೋವು ಅಡಗಿಸುವುದು ಇವುಗಳ ಗುಣ. ಪ್ರಮಾಣ ಮೀರಿದರೆ ನೋವಿನ ಜೊತೆ ಉಸಿರನ್ನೂ ಅಡಗಿಸುತ್ತವೆ. ಮಿದುಳಿನ ಬುಡದಲ್ಲಿ ಕೂತು ಉಸಿರಾಟ ನಡೆಸುವ ಭಾಗ ಮಂಕಾಗುತ್ತದೆ. ಮನುಷ್ಯ ತೂಕಡಿಸುತ್ತಾನೆ. ಗೊರಕೆಯಂಥ ಸದ್ದು ಬರುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ತುಟಿ, ಉಗುರು ನೀಲಿಗೆ ತಿರುಗುತ್ತವೆ. ಆಮೇಲೆ ಸದ್ದು ನಿಲ್ಲುತ್ತದೆ.

ಇದೆಲ್ಲ ಸಿಡಿಲು ಹೊಡೆದ ಹಾಗೆ ಕ್ಷಣದಲ್ಲಿ ಮುಗಿಯುವುದಿಲ್ಲ. ಹಲವು ಸಲ ನಿಮಿಷಗಳು ಸಿಗುತ್ತವೆ, ಕೆಲವು ಸಲ ಗಂಟೆಯೂ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಿದ್ದು, ನಲಾಕ್ಸೋನ್ ಅನ್ನುವ ಮದ್ದನ್ನು ಮೂಗಿಗೆ ಸಿಂಪಡಿಸಿದರೆ ಅಥವಾ ಸ್ನಾಯುವಿಗೆ ಚುಚ್ಚಿದರೆ, ಎರಡು ಮೂರು ನಿಮಿಷದಲ್ಲಿ ಉಸಿರು ಮರಳಿ ಬರುತ್ತದೆ. ಇದೇನೂ ನಿನ್ನೆ ಮೊನ್ನೆ ಬಂದ ಮದ್ದಲ್ಲ. ಅಮೆರಿಕದಲ್ಲಿ 1971ರಲ್ಲೇ ಮಂಜೂರಾದದ್ದು. ಆ ಮದ್ದು ಕೈಯಲ್ಲಿಲ್ಲದಿದ್ದರೂ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಿದ್ದರೆ ಆಂಬುಲೆನ್ಸ್ ಬರುವ ತನಕ ಜೀವ ಹಿಡಿದಿಡಬಹುದು.

ಅಂದರೆ ಈ ಸಾವಿಗೆ ಎರಡು ಸಂಗತಿ ಕೂಡಬೇಕು. ಮೈಯೊಳಗೆ ಮದ್ದಿರಬೇಕು, ಮೈಯ ಪಕ್ಕದಲ್ಲಿ ಯಾರೂ ಇರಬಾರದು. ಮೊದಲನೆಯದಕ್ಕೆ ಬಿದ್ದವನನ್ನು ಬೈಯೋಣ. ಎರಡನೆಯದಕ್ಕೆ ಯಾರನ್ನು ಬೈಯುವುದು?

ಈ ಪ್ರಶ್ನೆಯನ್ನು ಕಣ್ಣಾರೆ ಕಾಣಬೇಕೆಂದರೆ ಕೆನಡಾದ ವ್ಯಾಂಕೂವರ್ ನಗರದ ಒಂದು ಪೇಟೆಗೆ ಹೋಗಬೇಕು. ಡೌನ್‌ಟೌನ್ ಈಸ್ಟ್‌ಸೈಡ್ ಅದರ ಹೆಸರು. ಹೇಸ್ಟಿಂಗ್ಸ್ ಬೀದಿಯ ಉದ್ದಕ್ಕೂ ಹಬ್ಬಿರುವ ಕೆಲವೇ ಬ್ಲಾಕುಗಳ ಜಾಗ. ಒಂದು ಕಾಲಕ್ಕೆ ಮರ ಕಡಿಯುವವರು, ಗಣಿಯಲ್ಲಿ, ಬಂದರಿನಲ್ಲಿ ದುಡಿಯುವವರು ಹಂಗಾಮು ಮುಗಿಸಿ ಬಂದು ತಂಗುತ್ತಿದ್ದ ಅಗ್ಗದ ಹೋಟೆಲ್ಲುಗಳ ಕೇರಿ. ಒಂಟಿ ಕೋಣೆ, ಮಹಡಿಗೆ ಒಂದು ಶೌಚಾಲಯ. 1986ರಲ್ಲಿ ನಗರಕ್ಕೆ ಜಾಗತಿಕ ಮೇಳ ಬಂತು. ಪ್ರವಾಸಿಗರಿಗೆ ಕೋಣೆ ಬೇಕಿತ್ತು. ವರ್ಷಗಟ್ಟಲೆ ಅಲ್ಲೇ ಬಾಳಿದ್ದ ನೂರಾರು ಬಡವರನ್ನು ಹೊರಹಾಕಿದರು. ಮನೆ ಕಳೆದುಕೊಂಡವರು, ಮಾನಸಿಕ ಆಸ್ಪತ್ರೆಗಳು ಹಾಸಿಗೆ ಕಡಿಮೆ ಮಾಡಿದಾಗ ಹೊರಬಿದ್ದವರು, ವಸತಿ ಶಾಲೆಗಳ ಹೆಸರಲ್ಲಿ ತಾಯಿತಂದೆಯಿಂದ ಕಿತ್ತು ಬೆಳೆಸಿದ ಮೂಲನಿವಾಸಿ ಮಕ್ಕಳು, ಎಲ್ಲರೂ ಕೊನೆಗೆ ಬಂದು ನಿಂತದ್ದು ಆ ಕೆಲವೇ ಬೀದಿಗಳಲ್ಲಿ. ಹೆರಾಯಿನ್ ಅವರನ್ನು ಹುಡುಕಿಕೊಂಡು ಬಂತು. ಹುಡುಕುವುದೇನು ಕಷ್ಟವಿರಲಿಲ್ಲ, ನಗರವೇ ಅವರನ್ನು ಒಂದು ಕಡೆ ಗುಡಿಸಿ ಇಟ್ಟಿತ್ತು.

1997ರ ಬೇಸಿಗೆಯಲ್ಲಿ ಅಲ್ಲಿನ ಒಪ್ಪೆನ್‌ಹೈಮರ್ ಪಾರ್ಕಿನ ಹುಲ್ಲಿನ ಮೇಲೆ ಸಾವಿರ ಶಿಲುಬೆಗಳು ಎದ್ದವು. ಸತ್ತ ಒಬ್ಬೊಬ್ಬರಿಗೂ ಒಂದೊಂದು. ಅವನ್ನು ನೆಟ್ಟವರಲ್ಲಿ ಮುಂದಾಳು ಬಡ್ ಆಸ್ಬರ್ನ್, ತಾನೂ ಹೆರಾಯಿನ್ನಿನ ಹಿಡಿತದಲ್ಲಿ ನರಳಿದ್ದ ಕವಿ. ಆ ಹೊತ್ತಿಗೆ ವ್ಯಸನಿಗಳೇ ಸೇರಿ ತಮ್ಮದೊಂದು ಸಂಘ ಕಟ್ಟಿಕೊಂಡರು. ನಮ್ಮನ್ನು ಉದ್ಧಾರ ಮಾಡಿ ಎಂದು ಅವರು ಕೈಚಾಚಲಿಲ್ಲ, ನಮ್ಮನ್ನು ಸಾಯಲು ಬಿಡಬೇಡಿ ಎಂದು ನಗರಸಭೆಯ ಬಾಗಿಲಲ್ಲಿ ಕೂತರು. ಆರು ವರ್ಷದ ಜಗಳದ ಮೇಲೆ 2003ರ ಸೆಪ್ಟೆಂಬರಿನಲ್ಲಿ ಹೇಸ್ಟಿಂಗ್ಸ್ ಬೀದಿಯಲ್ಲಿ ಇನ್‌ಸೈಟ್ ಅನ್ನುವ ಕೇಂದ್ರ ತೆರೆಯಿತು. ಅಲ್ಲಿ ಯಾರೂ ಮದ್ದು ಕೊಡುವುದಿಲ್ಲ. ತನ್ನ ಮದ್ದನ್ನು ತಂದವನಿಗೆ ಒಂದು ಕುರ್ಚಿ, ಬೆಳಕು, ಶುದ್ಧ ಸೂಜಿ, ಕಣ್ಣಿಟ್ಟು ನೋಡುವ ಒಬ್ಬ ನರ್ಸ್. ಅಷ್ಟೇ.

ಆ ಅಷ್ಟಕ್ಕೆ ಏನಾಯಿತು? ಕೇಂದ್ರದ ಸುತ್ತಲಿನ 500 ಮೀಟರ್ ಒಳಗೆ ಮಿತಿಮೀರಿದ ಸೇವನೆಯ ಸಾವು ಶೇ. 35ರಷ್ಟು ಇಳಿಯಿತು ಎಂದು 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಗರದ ಉಳಿದ ಭಾಗದಲ್ಲಿ ಇಳಿದದ್ದು ಶೇ. 9ರ ಆಸುಪಾಸು. ಅದೇ ವರ್ಷ ಕೇಂದ್ರವನ್ನು ಮುಚ್ಚಿಸಲು ಹೊರಟ ಸರ್ಕಾರದ ವಿರುದ್ಧ ಕೆನಡಾದ ಸುಪ್ರೀಂ ಕೋರ್ಟ್ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದ ತೀರ್ಪು ಕೊಟ್ಟಿತು: ಮುಚ್ಚಕೂಡದು. ವ್ಯಸನಿಯ ಜೀವವೂ ಜೀವವೇ ಎಂದು ಒಂದು ದೇಶದ ಅತ್ಯುನ್ನತ ಪೀಠ ಒಪ್ಪಿಕೊಂಡ ದಿನ ಅದು.

ಕತೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಫೆಂಟನಿಲ್ ಬಂತು. ಹೆರಾಯಿನ್ನಿನ 50 ಪಟ್ಟು ಕಸುವಿನ, ಪ್ರಯೋಗಶಾಲೆಯಲ್ಲಿ ತಯಾರಾಗುವ ಪುಡಿ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2016ರ ಏಪ್ರಿಲ್ 14ರಂದು ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಅದೇ ವರ್ಷ ಸಾರಾ ಬ್ಲೈತ್, ಆ್ಯನ್ ಲಿವಿಂಗ್‌ಸ್ಟನ್ ಎಂಬ ಇಬ್ಬರು ಹೆಂಗಸರು ಸರ್ಕಾರದ ಅಪ್ಪಣೆಗೆ ಕಾಯದೆ ಒಂದು ಓಣಿಯಲ್ಲಿ ಡೇರೆ ಹಾಕಿ, ನಲಾಕ್ಸೋನ್ ಹಿಡಿದು ಜೀವ ಕಾಯಲು ಕೂತರು. ಕಾನೂನು ಆಮೇಲೆ ಅವರ ಹಿಂದೆ ನಡೆದು ಬಂತು.

ಈಗ ಆ ಪ್ರಾಂತ್ಯದ ಲೆಕ್ಕ ನೋಡಿ. ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಬಟಾಬಯಲಿನಲ್ಲಿ ಅಲ್ಲ. ನಾಲ್ಕು ಗೋಡೆಯೊಳಗೆ, ಮುಚ್ಚಿದ ಬಾಗಿಲ ಹಿಂದೆ. ಹೆಚ್ಚಿನವರು ಗಂಡಸರು. ಕೆಲಸದಲ್ಲಿದ್ದವರ ಪೈಕಿ ದೊಡ್ಡ ಪಾಲು ಕಟ್ಟಡ ಮತ್ತು ಸಾರಿಗೆಯ ದುಡಿಮೆಯವರು, ಸೊಂಟ ಭುಜ ಹಿಡಿದುಕೊಂಡು ನಾಳೆಯೂ ಕೆಲಸಕ್ಕೆ ಹೋಗಲೇಬೇಕಾದವರು. ಮೂಲನಿವಾಸಿಗಳು ಉಳಿದವರಿಗಿಂತ ಐದು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಸಾಯುತ್ತಿದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ಆ ಅಗ್ಗದ ಹೋಟೆಲ್ಲುಗಳಲ್ಲಿ ಸೋಂಕು ಹರಡದಿರಲೆಂದು ಹೊರಗಿನವರ ಪ್ರವೇಶ ನಿಲ್ಲಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಗೆಳೆಯ ಒಳಗೆ ಬರುವಂತಿಲ್ಲ ಅಂದರೆ ಬಿದ್ದವನನ್ನು ನೋಡುವ ಕಣ್ಣೂ ಒಳಗೆ ಬರುವಂತಿಲ್ಲ. ಕೇಂದ್ರಗಳಲ್ಲಿ ಜಾಗ ಕಡಿಮೆಯಾಯಿತು, ಗಡಿ ಮುಚ್ಚಿದ್ದರಿಂದ ಬೀದಿಯ ಪುಡಿ ಇನ್ನಷ್ಟು ವಿಷವಾಯಿತು. 2019ರಲ್ಲಿ ಸಾವಿರದ ಒಳಗಿದ್ದ ಸಾವು 2020ರಲ್ಲಿ 1,700 ದಾಟಿತು. 2023ರಲ್ಲಿ 2,500 ದಾಟಿತು. ಇಡೀ ಪ್ರಾಂತ್ಯದ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧಕ್ಕಿಂತಲೂ ಕಡಿಮೆ.

ಪುಡಿಯ ವಿಷ ಏರಿತ್ತು, ನಿಜ. ಆದರೆ ಮನುಷ್ಯ ಅದೇ. ಬಾಗಿಲು ತೆರೆದಿದ್ದಾಗ ಬದುಕಿದವನು ಬಾಗಿಲು ಮುಚ್ಚಿದಾಗ ಸತ್ತ. ಒತ್ತು ಕೊಟ್ಟ ಕೈಗಳಲ್ಲಿ ಬಾಗಿಲೂ ಒಂದು.

ಜಾಗಕ್ಕೆ ಎಂಥ ಕಸುವಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಕೆನಡಾದವರೇ ಆದ ಮನಶ್ಶಾಸ್ತ್ರಜ್ಞ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಇಲಿಗಳಿಗೆ ದಿನ ಬಿಟ್ಟು ದಿನ ಒಂದೇ ಕೋಣೆಯಲ್ಲಿ ಹೆರಾಯಿನ್ ಕೊಟ್ಟು, ಸ್ವಲ್ಪ ಸ್ವಲ್ಪವೇ ಪ್ರಮಾಣ ಏರಿಸಿ ಅಭ್ಯಾಸ ಮಾಡಿಸಿದರು. ಕೊನೆಗೆ ಎಲ್ಲಕ್ಕೂ ಒಂದೇ ದೊಡ್ಡ ಪ್ರಮಾಣ. ಕೆಲವಕ್ಕೆ ರೂಢಿಯ ಕೋಣೆಯಲ್ಲೇ ಕೊಟ್ಟರು, ಕೆಲವಕ್ಕೆ ಎಂದೂ ಹೆರಾಯಿನ್ ಸಿಗದಿದ್ದ ಬೇರೆ ಕೋಣೆಯಲ್ಲಿ. ರೂಢಿಯ ಕೋಣೆಯಲ್ಲಿ ಸತ್ತದ್ದು ಶೇ. 32. ಬೇರೆ ಕೋಣೆಯಲ್ಲಿ ಶೇ. 64. ಸರಿಯಾಗಿ ದುಪ್ಪಟ್ಟು. ಪರಿಚಿತ ಜಾಗಕ್ಕೆ ಕಾಲಿಟ್ಟ ಕೂಡಲೇ ಮೈ ಬರಲಿರುವ ಮದ್ದನ್ನು ಎದುರಿಸಲು ಮೊದಲೇ ಸಿದ್ಧವಾಗುತ್ತದೆ. ಹೊಸ ಜಾಗದಲ್ಲಿ ಆ ಸುಳಿವು ಸಿಗದೆ ಮೋಸ ಹೋಗುತ್ತದೆ.

ಇಲಿಯನ್ನು ಬಿಟ್ಟು ಮನುಷ್ಯನ ಕಡೆ ನೋಡಿ. ಗಣ್ಯರು ಬರುತ್ತಾರೆಂದು, ಮೇಳ ನಡೆಯುತ್ತದೆಂದು, ಪೇಪರಿನಲ್ಲಿ ಫೋಟೊ ಬಂತೆಂದು ಫ್ಲೈಓವರಿನ ಕೆಳಗೆ ಮಲಗಿದವರನ್ನು ಲಾಠಿ ಹಿಡಿದು ಎಬ್ಬಿಸುತ್ತೇವೆ. ಜಾಗ ಸ್ವಚ್ಛವಾಯಿತು ಅನ್ನುತ್ತೇವೆ. ಎದ್ದುಹೋದವನ ಚಟ ಅಲ್ಲೇ ಬಿಟ್ಟುಹೋಗಲಿಲ್ಲವಲ್ಲ. ಅವನು ಇನ್ನೊಂದು ಕತ್ತಲೆಗೆ, ಗೊತ್ತಿಲ್ಲದ ಮೂಲೆಗೆ, ತನ್ನವರಿಂದ ದೂರಕ್ಕೆ ಹೋಗುತ್ತಾನೆ. ಯಾರಾದರೂ ಬಂದಾರೆಂಬ ಅವಸರದಲ್ಲಿ ಇಡೀ ಸಿರಿಂಜು ಒಮ್ಮೆಲೇ ಒತ್ತಿಕೊಳ್ಳುತ್ತಾನೆ. ಆ ಬೆರಳ ಮೇಲೆ ಲಾಠಿಯ ಭಾರವೂ ಇತ್ತು.

ಹೊಸ ಜಾಗಕ್ಕಿಂತ ಅಪಾಯದ ಜಾಗ ಇನ್ನೊಂದಿದೆ: ಜೈಲಿನ ಗೇಟಿನ ಹೊರಗಿನ ರಸ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಕೈದಿಗಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ಹೊರಬಂದ ಮೊದಲ ಎರಡು ವಾರದಲ್ಲಿ ಅವರು ಮಿತಿಮೀರಿದ ಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚಾಗಿತ್ತು. ಕಾರಣ ಸರಳ. ಒಳಗಿದ್ದ ತಿಂಗಳುಗಳಲ್ಲಿ ಮೈ ತನ್ನ ತಾಳಿಕೆಯನ್ನು ಮರೆತಿರುತ್ತದೆ. ಹೊರಗೆ ಬಂದವನ ಮನಸ್ಸು ಮಾತ್ರ ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ. ಹಳೆ ಅಳತೆ ಹೊಸ ಮೈಗೆ ವಿಷ.

ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದ ಮಗನಿಗೂ ಇದೇ ಮಾತು. ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಗೊತ್ತು, ಶಿಬಿರದೊಳಗಿನ ದಿನಗಳಿಗಿಂತ ಶಿಬಿರ ಮುಗಿದ ಮೇಲಿನ ವಾರಗಳೇ ಕಷ್ಟ. ಕುಡಿತದವನು ಆಗ ಜಾರಿದರೆ ಮತ್ತೆ ಶಿಬಿರಕ್ಕೆ ಸೇರಿಸಬಹುದು. ಸೂಜಿಯವನು ಜಾರಿದರೆ ಮೊದಲ ಜಾರಿಕೆಯೇ ಕೊನೆಯದಾಗಬಹುದು. ಇದನ್ನು ಮನೆಯವರಿಗೆ ಹೇಳಿ ಕಳಿಸುವ ಕೇಂದ್ರಗಳು ಎಷ್ಟಿವೆ? ಕೂಡಿಹಾಕಿ, ಹೊಡೆದು, ತಲೆ ಬೋಳಿಸಿ, ಮೂರು ತಿಂಗಳ ಫೀಸು ವಸೂಲು ಮಾಡಿ, ‘ಸರಿಯಾಗಿದ್ದಾನೆ ಕರಕೊಂಡು ಹೋಗಿ’ ಅನ್ನುವ ಕಡೆ, ಆ ‘ಸರಿಯಾಗಿದ್ದಾನೆ’ ಎಂಬ ಮಾತೇ ಒತ್ತು.

ಪೊಟ್ಟಣದೊಳಗೆ ಏನಿದೆ ಎಂದು ಗೊತ್ತಿಲ್ಲದಿರುವುದು ಮತ್ತೊಂದು ಕೈ. ಇದನ್ನು ತಿಳಿಯಲು ಕನ್ನಡಿಗರಿಗೆ ವ್ಯಾಂಕೂವರ್ ಬೇಕಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಕರ್ನಾಟಕ–ತಮಿಳುನಾಡು ಗಡಿಯ ಎರಡೂ ಬದಿ ಸೇರಿ ನೂರೈವತ್ತಕ್ಕೂ ಹೆಚ್ಚು ಮಂದಿ ಕಳ್ಳಭಟ್ಟಿಗೆ ಬಲಿಯಾದರು. ಸಾರಾಯಿ ವಿರುದ್ಧ ಬೀದಿಗಿಳಿದ ನಮ್ಮ ಹೆಣ್ಣುಮಕ್ಕಳ ಹೋರಾಟವನ್ನು ನಾನು ಹೀಗಳೆಯುತ್ತಿಲ್ಲ. ಅವರ ಸಿಟ್ಟು ನ್ಯಾಯದ್ದು. ನಾನು ಹೇಳುವುದು ಆ ಸತ್ತವರ ಬಗ್ಗೆ. ಅವರಲ್ಲಿ ಹೆಚ್ಚಿನವರು ಕೂಲಿಯವರು. ಅವರು ಕುಡಿಯಲು ಹೊರಟದ್ದು ಹೆಂಡ, ಕುಡಿದದ್ದು ಮೆಥನಾಲ್. ಕ್ಲಬ್ಬಿನಲ್ಲಿ ಸೀಲು ಒಡೆದು ಕುಡಿಯುವವನಿಗೆ ಈ ಸಾವು ಬರುವುದಿಲ್ಲ. ಚಟ ಇಬ್ಬರದೂ ಒಂದೇ, ಚಟ್ಟ ಮಾತ್ರ ಬಡವನಿಗೆ.

ಬೀದಿಯ ಮದ್ದಿನ ಕತೆಯೂ ಹೀಗೇ. ದಾಳಿ ಬಿಗಿಯಾದಷ್ಟೂ ಕಳ್ಳಸಾಗಣೆಯವನು ಕಡಿಮೆ ಜಾಗದಲ್ಲಿ ಹೆಚ್ಚು ಕಸುವು ತುಂಬಲು ನೋಡುತ್ತಾನೆ. ಮೂಟೆ ಅಫೀಮಿನ ಜಾಗಕ್ಕೆ ಚೀಲ ಹೆರಾಯಿನ್ ಬಂತು, ಚೀಲ ಹೆರಾಯಿನ್ನಿನ ಜಾಗಕ್ಕೆ ಚಿಟಿಕೆ ಫೆಂಟನಿಲ್. ಅಮೆರಿಕದಲ್ಲಿ 2021, 2022, 2023, ಮೂರೂ ವರ್ಷ ಮಿತಿಮೀರಿದ ಸೇವನೆಯಿಂದ ಸತ್ತವರು ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟೋ ಮಂದಿಗೆ ತಾವು ತೆಗೆದುಕೊಂಡದ್ದು ಫೆಂಟನಿಲ್ ಎಂಬುದೇ ಗೊತ್ತಿರಲಿಲ್ಲ.

ನಮ್ಮಲ್ಲಿ ಹಾಗೇನಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ದೆಹಲಿಯ ಏಮ್ಸ್ ಸಂಸ್ಥೆಯವರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಫೀಮು ಬಳಗದ ಮದ್ದು ಬಳಸುವವರು ಸುಮಾರು 2.26 ಕೋಟಿ. ಅವರಲ್ಲಿ ನೆರವು ಬೇಕಾದವರು ಸುಮಾರು 77 ಲಕ್ಷ. ಸೂಜಿಯಿಂದ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಮಣಿಪುರ, ಪಂಜಾಬುಗಳ ಮಾತು ಬಿಡಿ, ನಮ್ಮ ಬೆಂಗಳೂರಿನಲ್ಲೇ ಟ್ಯಾಪೆಂಟಡಾಲ್ ನೋವಿನ ಮಾತ್ರೆಯನ್ನು ಪುಡಿಮಾಡಿ, ನೀರಲ್ಲಿ ಕದಡಿ, ನರಕ್ಕೆ ಚುಚ್ಚಿಕೊಳ್ಳುವ ಹುಡುಗರನ್ನು ನಿಮ್ಹಾನ್ಸ್ ವೈದ್ಯರು ನೋಡುತ್ತಿದ್ದಾರೆ. ಇಷ್ಟಾದರೂ ಅಪರಾಧ ದಾಖಲೆಗಳಲ್ಲಿ ಇಡೀ ದೇಶದ ಮಿತಿಮೀರಿದ ಸೇವನೆಯ ಸಾವು ವರ್ಷಕ್ಕೆ ಕೆಲವು ನೂರು ಮಾತ್ರ. ಎಂಟೂವರೆ ಲಕ್ಷ ಸೂಜಿಗೆ ಕೆಲವು ನೂರು ಸಾವೇ? ಬಸ್ ನಿಲ್ದಾಣದ ಶೌಚಾಲಯದಲ್ಲಿ ಸಿಕ್ಕ ಹೆಣ ಠಾಣೆಯ ಪುಸ್ತಕದಲ್ಲಿ ‘ಯುಡಿಆರ್’, ಅಂದರೆ ಅಸಹಜ ಸಾವಿನ ವರದಿ, ಆಗುತ್ತದೆ, ಆಸ್ಪತ್ರೆಯ ಶವಾಗಾರದಲ್ಲಿ ‘ಅಪರಿಚಿತ ಗಂಡಸು, ಅಂದಾಜು ವಯಸ್ಸು 25’ ಆಗುತ್ತದೆ, ಮನೆಯಲ್ಲಿ ಸತ್ತರೆ ‘ಹಾರ್ಟ್ ಅಟ್ಯಾಕ್’ ಆಗುತ್ತದೆ. ಮರ್ಯಾದೆಗೆ ಅಂಜಿ ಅಪ್ಪ ಅಮ್ಮ ಅದಕ್ಕೆ ತಲೆಯಾಡಿಸುತ್ತಾರೆ. ವ್ಯಾಂಕೂವರಿನವರು ಶಿಲುಬೆ ನೆಟ್ಟು ಎಣಿಸಿದರು. ನಾವು ಎಣಿಸುವುದನ್ನೇ ಕಲಿತಿಲ್ಲ.

ಇಲ್ಲಿಗೆ ಯಾರಾದರೂ ಎದ್ದು ಕೇಳುತ್ತಾರೆ: ‘ಹಾಗಾದರೆ ಚುಚ್ಚಿಕೊಳ್ಳಲಿ ಬಿಡಿ ಅನ್ನುತ್ತೀರಾ? ನಮ್ಮ ಮನೆಯ ಗ್ಯಾಸ್ ಸಿಲಿಂಡರನ್ನೇ ಮಾರಿದವನಿಗೆ, ತಾಯಿಯ ಕಿವಿಯೋಲೆ ಕಿತ್ತವನಿಗೆ ಕುರ್ಚಿ ಹಾಕಿ ಕೂರಿಸಬೇಕಾ?’ ಆ ಸಿಟ್ಟಿಗೆ ನಾನು ತಲೆಬಾಗುತ್ತೇನೆ. ಆ ಮನೆಯ ನರಕ ಹೊರಗಿನವರಿಗೆ ತಿಳಿಯದು. ಆದರೆ ಆ ತಾಯಿಯನ್ನೇ ಕೇಳಿ ನೋಡಿ, ಓಲೆ ಕಿತ್ತವನು ಮೋರಿಯ ಪಕ್ಕ ನೀಲಿಗಟ್ಟಿ ಬಿದ್ದಿದ್ದರೆ ಅವಳಿಗೇನು ಬೇಕು ಎಂದು. ಸತ್ತವನ ಚಟ ಯಾರಿಂದಲೂ ಬಿಡಿಸಲಾಗುವುದಿಲ್ಲ. ಬದುಕಿದ್ದವನು ಮಾತ್ರ ಇವತ್ತಲ್ಲ ನಾಳೆ ಬಿಡಬಲ್ಲ. ಇನ್‌ಸೈಟ್ ತೆರೆದ ಮೇಲೆ ಅಲ್ಲಿಗೆ ಬರುವವರಲ್ಲಿ ಚಿಕಿತ್ಸೆಗೆ ಸೇರುವವರು ಹೆಚ್ಚಾದರು ಎಂಬುದು ದಾಖಲಾಗಿದೆ. ಕೆಲವು ವರ್ಷಕ್ಕೆ ಅದೇ ಕಟ್ಟಡದ ಮಹಡಿಯ ಮೇಲೆ ಚಟ ಬಿಡಿಸುವ ವಾರ್ಡೂ ಬಂತು. ಕೆಳಗಿನ ಕುರ್ಚಿ ಮೇಲಿನ ಮಂಚಕ್ಕೆ ಮೆಟ್ಟಿಲಾಯಿತು.

ಇನ್ನೊಂದು ಅತಿಯೂ ಇದೆ, ಅದನ್ನೂ ಹೇಳಬೇಕು. ಕಾನೂನು ಸಡಿಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಸಿಕ್ಕಿಬಿದ್ದವನನ್ನು ಕೋರ್ಟಿನ ಬದಲು ವೈದ್ಯ, ಸಮಾಜ ಕಾರ್ಯಕರ್ತರಿರುವ ಸಮಿತಿಯ ಮುಂದೆ ಕೂರಿಸಿತು. ಜೊತೆಗೆ ಚಿಕಿತ್ಸೆಗೆ ದುಡ್ಡು ಹಾಕಿತು, ಕೆಲಸಕ್ಕೆ ಮರಳಲು ನೆರವಾಯಿತು. ಅಲ್ಲಿನ ಸಾವಿನ ಪ್ರಮಾಣ ಇವತ್ತಿಗೂ ಯುರೋಪಿನ ಸರಾಸರಿಗಿಂತ ಬಹಳ ಕೆಳಗಿದೆ. ಬ್ರಿಟಿಷ್ ಕೊಲಂಬಿಯಾ 2023ರ ಜನವರಿ 31ರಿಂದ ಕಾನೂನು ಸಡಿಲಿಸಿತು. ಆದರೆ ಅಲ್ಲಿ ಮನೆ ಬಾಡಿಗೆ ಮುಗಿಲಲ್ಲೇ ಇತ್ತು, ಚಿಕಿತ್ಸೆಯ ಸರದಿ ಉದ್ದವೇ ಇತ್ತು, ಬೀದಿಯ ಪುಡಿ ವಿಷವಾಗಿಯೇ ಇತ್ತು. ಜನ ರೊಚ್ಚಿಗೆದ್ದರು. 2024ರ ಮೇನಲ್ಲಿ ಸಾರ್ವಜನಿಕ ಜಾಗಗಳ ಮಟ್ಟಿಗೆ ಸಡಿಲಿಕೆ ವಾಪಸಾಯಿತು. ಹತ್ತು ಕೈ ಅದುಮುತ್ತಿರುವಾಗ ಒಂದು ಕೈ ತೆಗೆದರೆ ಒತ್ತು ಹೋಗುವುದಿಲ್ಲ.

ಹಾಗಾದರೆ ನಮ್ಮ ಕೈಗಳನ್ನು ಹೇಗೆ ತೆಗೆಯುವುದು?

ಶಾಸನ ಮಾಡುವವರೇ, ರಸ್ತೆ ಅಪಘಾತದಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಒಯ್ದವರನ್ನು ಪೀಡಿಸಬಾರದೆಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ರಕ್ಷಣೆ ಕೊಟ್ಟಿರಿ. ಒಳ್ಳೆಯ ಕೆಲಸ. ಸೂಜಿ ಚುಚ್ಚಿಕೊಂಡು ಬಿದ್ದ ಗೆಳೆಯನಿಗಾಗಿ ಫೋನ್ ಮಾಡುವ ಹುಡುಗನಿಗೆ ಅಂಥ ರಕ್ಷಣೆ ಏಕಿಲ್ಲ? ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಸೇವನೆಯೇ ಅಪರಾಧ. ಫೋನ್ ಮಾಡಿದರೆ ತನ್ನನ್ನೂ ಹಿಡಿದಾರೆಂದು ಅವನು ಓಡಿಹೋಗುತ್ತಾನೆ. ಕೆನಡಾ 2017ರಲ್ಲಿ ಇದಕ್ಕೆಂದೇ ಒಂದು ಕಾನೂನು ತಂದಿತು: ಜೀವ ಉಳಿಸಲು ಕರೆ ಮಾಡಿದವನ ಮೇಲೆ ಮದ್ದು ಇಟ್ಟುಕೊಂಡ ಕೇಸು ಹಾಕುವಂತಿಲ್ಲ. ನಮ್ಮದೇ ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ದಯೆಯ ಬೀಜ ಕಾಯ್ದೆಯೊಳಗೇ ಬಿದ್ದಿದೆ, ನೀರು ಹಾಕಿ.

ಆರೋಗ್ಯ ಇಲಾಖೆಯವರೇ, ನಲಾಕ್ಸೋನ್ ನಮ್ಮಲ್ಲಿ ಹೆಚ್ಚಾಗಿ ದೊಡ್ಡಾಸ್ಪತ್ರೆಯ ಕಪಾಟಿನ ಚುಚ್ಚುಮದ್ದು. ಸಾವು ನಡೆಯುವುದು ಕಪಾಟಿನ ಮುಂದೆ ಅಲ್ಲ. ಪ್ರತಿ 108 ವಾಹನದಲ್ಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಸೂಜಿ ಬಳಸುವವರ ನಡುವೆ ಓಡಾಡುವ ಕಾರ್ಯಕರ್ತರ ಚೀಲದಲ್ಲಿ, ಬೀಟ್ ಪೊಲೀಸರ ಜೇಬಿನಲ್ಲಿ ಅದು ಇರಲಿ. ಜೈಲಿನಿಂದ ಹೊರಬರುವವನ ಕೈಗೆ ಬಸ್ ಚಾರ್ಜಿನ ಜೊತೆ ಒಂದು ಎಚ್ಚರಿಕೆಯ ಮಾತನ್ನೂ, ಚಿಕಿತ್ಸಾ ಕೇಂದ್ರದ ಚೀಟಿಯನ್ನೂ ಕೊಡಿ.

ಪೊಲೀಸರೇ, ಮಾರುವವನ ಬೆನ್ನು ಹತ್ತಿ, ಬಿಡಬೇಡಿ. ಬಿದ್ದವನ ಜೇಬು ತಡಕುವ ಮುನ್ನ ಅವನ ಮೂಗಿನ ಹತ್ತಿರ ಕೈಯಿಡಿ.

ಕಾಲೇಜು, ಹಾಸ್ಟೆಲ್ ನಡೆಸುವವರೇ, ಸಿಕ್ಕಿಬಿದ್ದವನನ್ನು ಆ ರಾತ್ರಿಯೇ ಹೊರಗೆ ಹಾಕಿ ಕೈತೊಳೆದುಕೊಳ್ಳಬೇಡಿ. ನೀವು ಉಳಿಸಿಕೊಂಡದ್ದು ಸಂಸ್ಥೆಯ ಹೆಸರು. ರೈಲು ನಿಲ್ದಾಣದ ಬೆಂಚಿನ ಮೇಲೆ ಒಂಟಿಯಾಗಿ ಕೂತದ್ದು ಹತ್ತೊಂಬತ್ತು ವರ್ಷದ ಒಂದು ಮಗು.

ಅಪ್ಪ ಅಮ್ಮಂದಿರೇ, ಕೋಣೆಯ ಬಾಗಿಲು ಮುಚ್ಚಿಕೊಂಡ ಮಗನಿಗೆ ಬೈದು ಬುದ್ಧಿ ಹೇಳಿ, ಅಳಿ, ಜಗಳವಾಡಿ. ‘ಈ ಮನೆ ಹೊಸ್ತಿಲು ತುಳಿಯಬೇಡ’ ಎಂಬ ಒಂದು ಮಾತನ್ನು ಮಾತ್ರ ಆಡಬೇಡಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕರೆಗೆ ದುಡ್ಡಿಲ್ಲ. ಮಗನಿಗೆ ಹಾಸಿಗೆ ಕೇಳಲು ಮಾತ್ರವಲ್ಲ, ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಹೇಳಿಕೊಳ್ಳಲೂ ಅಲ್ಲಿಗೆ ಫೋನ್ ಮಾಡಬಹುದು.

ಕೊನೆಗೆ ನಾನು, ನೀವು. ಶಾಸಕರಲ್ಲ, ವೈದ್ಯರಲ್ಲ, ಬಸ್ಸಿಗೆ ಓಡುತ್ತಿರುವವರು. ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುವ ಗಾದೆ ನಮ್ಮದೇ. ನಾವು ಕಲ್ಲನ್ನೂ ಎಸೆಯುವುದಿಲ್ಲ, ಅಷ್ಟು ಹೊತ್ತು ನಿಲ್ಲುವುದಿಲ್ಲ. ‘ಕುಡಿದು ಬಿದ್ದಿದಾನೆ, ಬಿಡಿ’ ಅನ್ನುತ್ತೇವೆ, ದಾಟಿ ಹೋಗುತ್ತೇವೆ. ಹತ್ತು ಜನ ಹಾಗೆ ದಾಟಿದರೆ ಹತ್ತು ನಿಮಿಷ ಹೋಯಿತು. ಆ ಹತ್ತು ನಿಮಿಷವೇ ಅವನ ಬಳಿ ಇದ್ದದ್ದು. ಆ ‘ಬಿಡಿ’ ಎಂಬ ಎರಡಕ್ಷರ ಕೊನೆಯ ಒತ್ತು.

ಮುಂದಿನ ಸಲ ಬಸ್ ನಿಲ್ದಾಣದಲ್ಲಿ, ಫ್ಲೈಓವರಿನ ಕೆಳಗೆ, ಶೌಚಾಲಯದ ಬಾಗಿಲಲ್ಲಿ ಅಂಥವನೊಬ್ಬನನ್ನು ಕಂಡರೆ ನಿಲ್ಲಿ. ಜೋರಾಗಿ ಕೂಗಿ, ಭುಜ ಅಲುಗಿಸಿ. ಎದೆಯ ನಡುಮೂಳೆಯ ಮೇಲೆ ಗೆಣ್ಣಿನಿಂದ ಬಿಗಿಯಾಗಿ ಉಜ್ಜಿ. ಏಳದಿದ್ದರೆ, ತುಟಿ ನೀಲಿಯಾಗಿದ್ದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ 108ಕ್ಕೆ ಕರೆ ಮಾಡಿ. ಉಸಿರಿಲ್ಲವೆಂದರೆ, ನಿಮಗೆ ಗೊತ್ತಿದ್ದರೆ, ಉಸಿರು ಊದಿ; ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಅವರು ಹೇಳಿದ ಹಾಗೆ ಮಾಡಿ. ಉಸಿರಿದ್ದರೆ ಮಗ್ಗುಲಾಗಿ ಮಲಗಿಸಿ. ಆಮೇಲೆ ಅಲ್ಲೇ, ಅವನ ಪಕ್ಕದಲ್ಲಿ, ಆಂಬುಲೆನ್ಸ್ ಬರುವ ತನಕ ಕೂತಿರಿ. ನಿಮ್ಮ ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.